ಉಮ್ಸುನಾಯ್‌ಗೆ ಬರಬೇಕಾದ ಉತ್ತರ

ಕುಮುಶ್-ಬೆಲ್
ಮಾರ್ಚ್ 11

ಮಹಾಜನರೇ! ಸಭಿಕರೇ! ದೂರ ಯಾಕೆ ನಿಂತಿರಿ, ಹತ್ತಿರ ಬನ್ನಿ!

ಲಕೋಟೆಯ ಅಂಚನ್ನು ಬ್ಲೇಡಿನಿಂದ ಸೀಳಿದ ತಾವು ಮೊದಲು ಬನ್ನಿ. ಕೆಂಪು ಪೆನ್ಸಿಲ್ ಹಿಡಿದು ಆಕ್ಷೇಪದ ಸಾಲು ಹುಡುಕುತ್ತಿರುವ ಅಧಿಕಾರಿಗಳು ಮುಂದಿನ ಸಾಲಿನಲ್ಲಿ ಕೂರಬೇಕು. ಮೊಹರು ಒತ್ತುವ ಮಹಾಶಯರೇ, ಬಾಗಿಲ ಹತ್ತಿರ ನಿಂತೇ ಕೇಳಿ, ಪರವಾಗಿಲ್ಲ. ಸೆರೆಮನೆಗೆ ಬರೆದ ಕಾಗದವನ್ನು ವಿಳಾಸದವರಿಗಿಂತ ಮುಂಚೆ ಮೂವರು ಓದುತ್ತಾರಂತೆ. ನಮ್ಮ ಜಿಲ್ಲಾ ನಾಟಕ ಮಂದಿರದ ಕೊನೆಗಾಲದಲ್ಲಿ ಅದಕ್ಕಿಂತ ಕಡಿಮೆ ಜನರ ಮುಂದೆ ನಾನು ಕಿರೀಟ ಹೊತ್ತು ಗರ್ಜಿಸಿದ್ದುಂಟು. ಹಾಗಾಗಿ ಈ ಸಭೆ ನನಗೆ ದೊಡ್ಡದೇ.

ನಾನು ಶರ್ಶೆನ್, ನಿವೃತ್ತ ನಟ. ಈ ಕಾಗದ ಸೇರಬೇಕಾದವಳು ಬುರುಲ್, ನನ್ನ ಅಕ್ಕ ಉಮ್ಸುನಾಯ್‌ಳ ಒಬ್ಬಳೇ ಮಗಳು, ರಾಜಧಾನಿಯ ಪತ್ರಿಕೆಯೊಂದರ ವರದಿಗಾರ್ತಿ. ಹೋದ ತಿಂಗಳು ಅವಳನ್ನು ತಾವು ಒಳಗೆ ಹಾಕಿದಿರಿ. ಆಪಾದನೆ: ಜನರನ್ನು ರೊಚ್ಚಿಗೆಬ್ಬಿಸುವ ಸುಳ್ಳು ಬರೆದಳು. ನಾನು ಆ ವರದಿಯನ್ನು ಕನ್ನಡಕ ಒರೆಸಿ ಒರೆಸಿ ಓದಿದೆ. ಅದರಲ್ಲಿದ್ದದ್ದು ಪ್ರಶ್ನೆಗಳು ಮಾತ್ರ. ಪ್ರಶ್ನೆ ಸುಳ್ಳಾಗುವುದು ಹೇಗೆ ಸ್ವಾಮಿ? ನೀವು ಉತ್ತರ ಕೊಟ್ಟಿದ್ದರೆ ತಾನೇ ಅದು ಸುಳ್ಳೋ ನಿಜವೋ ಗೊತ್ತಾಗುವುದು?

ಪ್ರಶ್ನೆ ಹುಟ್ಟಿದ್ದು ಹೀಗೆ: ನಮ್ಮ ಊರಿನ ಮೇಲ್ಗಡೆ ಸೋವಿಯತ್ ಕಾಲದ ಯುರೇನಿಯಂ ಗಣಿಯ ಕಸದ ದಿಬ್ಬವಿದೆ. ಕಳೆದ ಶರತ್ಕಾಲದ ಮಳೆಗೆ ಅದರ ಒಂದು ಮಗ್ಗುಲು ಜಾರಿ ಹಳ್ಳಕ್ಕೆ ಬಿತ್ತು. ಮರುದಿನವೇ ಜಿಲ್ಲಾ ನೀರು ಪರೀಕ್ಷಾ ಕಚೇರಿಯವರು ಕೈಗವಸು ಹಾಕಿಕೊಂಡು ಬಂದು ಶಿಶುವಿಹಾರದ ನಲ್ಲಿಯಿಂದ ಬಾಟಲಿಗಳಲ್ಲಿ ನೀರು ತುಂಬಿಕೊಂಡು ಹೋದರು. ಹೋದವರು ಹೋದರು. ಆ ಶಿಶುವಿಹಾರದ ಅಡುಗೆಯವಳು ನನ್ನ ಅಕ್ಕ. ದಿನಾ ಅದೇ ನೀರಿನಲ್ಲಿ ಗಂಜಿ ಬೇಯಿಸುತ್ತಿದ್ದವಳು. ನೀರಿನಲ್ಲಿ ಏನು ಸಿಕ್ಕಿತು ಎಂದು ಕಾನೂನಿನ ಪ್ರಕಾರ ಅರ್ಜಿ ಬರೆದಳು. ಉತ್ತರ ಬರಲಿಲ್ಲ. ನನ್ನನ್ನು ಕರೆದುಕೊಂಡು ಕಚೇರಿಗೇ ಹೋದಳು. ಅಲ್ಲಿಯ ಮುಖ್ಯಸ್ಥ ಮಿರ್ಲಾನ್ ನಮ್ಮ ಬೀದಿಯಲ್ಲೇ ಬೆಳೆದವನು.

"ಉಮ್ಸುನಾಯ್ ಅಮ್ಮ, ಅದು ಒಳಬಳಕೆಗೆ ಮಾತ್ರ ಇರೋ ಮಾಹಿತಿ. ಹೊರಗೆ ಕೊಡೋ ಹಾಗಿಲ್ಲ" ಅಂದ.

"ನಾವೂ ಆ ನೀರನ್ನ ಒಳಗೇ ಬಳಸೋದು ಕಣಪ್ಪಾ, ಹೊಟ್ಟೆ ಒಳಗೆ" ಅಂದಳು ಅಕ್ಕ. "ಹೇಳು, ಏನಿತ್ತು?"

"ನೀವು ಯಾಕಮ್ಮ ಇದನ್ನೆಲ್ಲ ತಲೆಗೆ ಹಚ್ಕೋತೀರಾ? ವಯಸ್ಸಾಯ್ತು, ಆರಾಮಾಗಿ ಮನೇಲಿರಿ."

"ನಿನಗೆ ಮೂರು ವರ್ಷ ಇದ್ದಾಗ ನನ್ನ ಕೈಯಲ್ಲೇ ಗಂಜಿ ತಿಂದೋನು ನೀನು. ಆಗ ಬಾಯಿ ಚೆನ್ನಾಗಿ ತೆರೀತಿದ್ದೆ. ಈಗೇನಾಯ್ತು?"

ಕಚೇರಿಯ ಹುಡುಗಿಯರು ನಗು ತಡೆಯಲಾರದೆ ಕಿಟಕಿಯತ್ತ ತಿರುಗಿಕೊಂಡರು. ಮಿರ್ಲಾನ್ ನಗಲಿಲ್ಲ. ಅದರ ಮೇಲೆ ಬುರುಲ್ ವರದಿ ಬರೆದಳು, ಅದರ ಮೇಲೆ ಅಕ್ಕ ನ್ಯಾಯಾಲಯಕ್ಕೆ ಹೋದಳು, ಅದರ ಮೇಲೆ ನೀವು ಬುರುಲ್‌ಳನ್ನು ಹಿಡಿದಿರಿ. ಇಷ್ಟೇ ಕಥೆ. ಈಗ ದಯಮಾಡಿ ಎಲ್ಲರೂ ಆ ಕಡೆ ಮುಖ ಮಾಡಿ, ನಾನು ಮಗಳ ಹತ್ತಿರ ಎರಡು ಮಾತಾಡಬೇಕು.

ಬುರುಲ್, ಅವ್ವ ಚೆನ್ನಾಗಿದ್ದಾಳೆ. ಸೊಂಟ ನೋವು ಅನ್ನುತ್ತಾಳೆ, ಬಯ್ಯುವುದನ್ನು ಬಿಟ್ಟಿಲ್ಲ. ನಿನಗೆ ಉಣ್ಣೆಯ ಕಾಲುಚೀಲ ಕಳಿಸಿದ್ದಾಳೆ. "ಅಲ್ಲಿ ನೆಲ ತಣ್ಣಗಿರುತ್ತೆ, ಹಾಕ್ಕೋ ಅಂತ ಬರಿ, ಶೋಕಿಗೆ ತೆಗೆದಿಡಬೇಡ ಅಂತ ಬರಿ" ಎಂದು ಪಕ್ಕದಲ್ಲೇ ನಿಂತು ಹೇಳುತ್ತಿದ್ದಾಳೆ.

ನಿನ್ನ ಮಾವ
ಶರ್ಶೆನ್

*

ವಿಚಾರಣಾ ಬಂದೀಖಾನೆ
ಮಾರ್ಚ್ 22

ಮಾವ,

ನಿಮ್ಮ ಕಾಗದ ಬಂತು. ಮೂರು ಕಡೆ ಕೆಂಪು ಗೆರೆ ಇತ್ತು, ಆದರೆ ಯಾವುದನ್ನೂ ಹೊಡೆದುಹಾಕಿರಲಿಲ್ಲ. ತಂದುಕೊಟ್ಟ ಕಾವಲುಗಾರ್ತಿ, "ಈ ಮುದುಕ ಮುಂದಿನ ಸಲ ಯಾವಾಗ ಬರೀತಾನೆ?" ಎಂದು ಕೇಳಿದಳು. ಕಾಲುಚೀಲ ಹಾಕಿಕೊಂಡಿದ್ದೇನೆ.

ಈಗ ಕೆಲಸದ ಮಾತು. ಮೊಕದ್ದಮೆ ಅವ್ವನ ಹೆಸರಿನಲ್ಲಿ ಯಾಕಿದೆ ಎಂದು ಮರೆಯಬೇಡಿ. ಪತ್ರಿಕೆಯ ಹೆಸರಿನಲ್ಲಿ ಕೇಳಿದಾಗ ಅವರು "ನಿಮಗೇನು ಸಂಬಂಧ" ಅಂದರು. ಊರಿನ ಬೇರೆ ಯಾರೂ ಹೆಸರು ಕೊಡಲಿಲ್ಲ. ನೀವೂ ಕೊಡಲಿಲ್ಲ ಮಾವ, ಕಲಾವಿದರ ಪಿಂಚಣಿಗೆ ಕುತ್ತು ಬಂದೀತು ಅಂದಿರಿ. ಅದಕ್ಕೆ ನಿಮ್ಮ ಮೇಲೆ ಕೋಪವಿಲ್ಲ ಎಂದು ಬರೆಯಬೇಕೆಂದಿದ್ದೆ, ಬರೆಯಲಾಗುತ್ತಿಲ್ಲ. ಉಳಿದದ್ದು ಅವ್ವ ಒಬ್ಬಳು. ಪ್ರತಿನಿಧಿಯೆಂದು ಕಡತದಲ್ಲಿ ನನ್ನ ಹೆಸರಿದೆ, ನಾನು ಇಲ್ಲಿ ಕೂತಿದ್ದೇನೆ. ಏಪ್ರಿಲ್ ಮೊದಲ ವಾರ ವಿಚಾರಣೆ. ಅವ್ವ ಖುದ್ದಾಗಿ ಹೋಗಲೇಬೇಕು, ಹೋಗಿ ಒಂದೇ ಮಾತು ಹೇಳಬೇಕು: ನಾನು ಈ ನೀರು ಕುಡಿಯುತ್ತೇನೆ, ಕುಡಿಸುತ್ತೇನೆ, ನನಗೆ ಗೊತ್ತಾಗಬೇಕು.

ಮುಂದಿನ ಸಲ ಅವಳ ಕೈಯಿಂದಲೇ ಒಂದು ಸಾಲು ಬರೆಸಿ. ನೀವು ಹೇಳಿದ್ದು ನಂಬುತ್ತೇನೆ, ಆದರೆ ನೀವು ನಟರು.

ಬುರುಲ್

*

ಕುಮುಶ್-ಬೆಲ್
ಏಪ್ರಿಲ್ 8

ಮಗಳೇ ಬುರುಲ್,

ನಿನ್ನ ಕಾಗದ ತಲುಪಿತು. ಇಲ್ಲಿ ಎಲ್ಲರೂ ಕ್ಷೇಮ. ಹಿಮ ಕರಗಿದೆ, ಏಪ್ರಿಕಾಟ್ ಮರಗಳು ಹೂಬಿಟ್ಟಿವೆ.

ವಿಚಾರಣೆ ಮುಂದಕ್ಕೆ ಹೋಗಿದೆ. ಅವ್ವ ಹೋಗಲಾಗಲಿಲ್ಲ. ಅವಳಿಗೆ ಈಗ ವಿಶ್ರಾಂತಿ ಬೇಕಾಗಿತ್ತು, ವಿಶ್ರಾಂತಿಯಲ್ಲಿದ್ದಾಳೆ. ಬರೆಯಲು ಕೈ ಆಗುವುದಿಲ್ಲ. ನೀನು ಯಾವ ಯೋಚನೆಯನ್ನೂ ಮಾಡಬಾರದು, ಹೊತ್ತಿಗೆ ಸರಿಯಾಗಿ ಉಣ್ಣಬೇಕು.

ಮನೆಗೆ ಜನ ಬಂದುಹೋಗುತ್ತಿದ್ದಾರೆ. ಅಂಗಳದಲ್ಲಿ ಉಣ್ಣೆಗುಡಾರ ಹಾಕಿದ್ದೆವು, ನೂರುಜ್ ಹಬ್ಬದ ಸಲುವಾಗಿ. ಈಗ ಬಿಚ್ಚಿಟ್ಟಿದ್ದೇವೆ. ನಿನ್ನ ವಕೀಲರು ಫೋನ್ ಮಾಡಿದ್ದರು, ಮಾತಾಡಿದ್ದೇನೆ. ಎಲ್ಲ ನಾನು ನೋಡಿಕೊಳ್ಳುತ್ತೇನೆ.

ಶರ್ಶೆನ್

*

ವಿಚಾರಣಾ ಬಂದೀಖಾನೆ
ಏಪ್ರಿಲ್ 17

ಮಾವ,

ನಿಮ್ಮ ಕಾಗದವನ್ನು ಕಾವಲುಗಾರ್ತಿ ಕೈಗೆ ಕೊಡುತ್ತಾ, "ಮುದುಕನಿಗೆ ಹುಷಾರಿಲ್ವಾ?" ಅಂದಳು. ಓದಿದ ಮೇಲೆ ನನಗೂ ಹಾಗೇ ಅನಿಸಿತು. ಇದು ನಿಮ್ಮ ಕಾಗದವಲ್ಲ, ಮಿರ್ಲಾನ್ ಕಚೇರಿಯ ಪ್ರಕಟಣೆ. ಎಲ್ಲರೂ ಕ್ಷೇಮ. ಪರಿಸ್ಥಿತಿ ಹತೋಟಿಯಲ್ಲಿದೆ. ಯಾರೂ ಆತಂಕಪಡಬೇಕಾಗಿಲ್ಲ. ಇಂಥ ಸಾಲುಗಳನ್ನು ಓದಿ ಅದರ ಹಿಂದೆ ಏನು ಮುಚ್ಚಿಟ್ಟಿದ್ದಾರೆ ಎಂದು ಹುಡುಕುವುದೇ ನನ್ನ ಹೊಟ್ಟೆಪಾಡು, ಮರೆತಿರಾ?

ನೂರುಜ್ ಮುಗಿದದ್ದು ಮಾರ್ಚ್ 21ಕ್ಕೆ. ಏಪ್ರಿಲ್ ತನಕ ಯಾವ ಹಬ್ಬದ ಗುಡಾರ? ಇಲ್ಲಿಗೆ ಹೊಸದಾಗಿ ಬಂದ ನಮ್ಮ ಕಡೆಯ ಹೆಂಗಸೊಬ್ಬಳು ಹೇಳಿದಳು: ಉಮ್ಸುನಾಯ್ ಮನೆಯಲ್ಲಿ ಕುದುರೆ ಕಡಿದರಂತೆ, ಮಿರ್ಲಾನ್ ಕೂಡ ಬಂದಿದ್ದನಂತೆ. ಅವಳು ಕೇಳಿದ್ದು ಅಷ್ಟೇ. ಉಳಿದದ್ದನ್ನು ನಾನೇ ಜೋಡಿಸಿಕೊಂಡೆ. ರಾಜಿಯಾಯಿತು. ಔತಣವೂ ಆಯಿತು. ವಿಚಾರಣೆಗೆ ಹೋಗಲಿಲ್ಲ, ಬರೆಯಲು ಕೈ ಆಗಲಿಲ್ಲ.

ಹೆದರಿದ್ದರೆ ಹೆದರಿದೆ ಅನ್ನಲಿ. ನಾನೂ ಇಲ್ಲಿ ಹೆದರುತ್ತೇನೆ. ಆದರೆ ಆ ಮನುಷ್ಯನನ್ನು ಅಂಗಳಕ್ಕೆ ಕರೆದು ಊಟ ಹಾಕುವುದೇ? ಅವ್ವನಿಗೆ ಕೇಳಿ ಮಾವ, ನನ್ನ ಪರವಾಗಿ ಕೇಳಿ: ಕುದುರೆ ಮಾಂಸ ಚೆನ್ನಾಗಿ ಬೆಂದಿತ್ತೇ? ಅದನ್ನೂ ಆ ನೀರಿನಲ್ಲೇ ಬೇಯಿಸಿದಿರಾ?

ಬುರುಲ್

*

ವಿಚಾರಣಾ ಬಂದೀಖಾನೆ
ಏಪ್ರಿಲ್ 25

ಶರ್ಶೆನ್ ಮಾವ ಅವರಿಗೆ,

ನಿನ್ನೆ ನನಗೊಂದು ಸರ್ಕಾರಿ ಲಕೋಟೆ ಬಂತು. ಕಡತದಲ್ಲಿ ನಾನು ಪ್ರತಿನಿಧಿಯಲ್ಲವೇ, ಅದಕ್ಕೆ ಆದೇಶದ ಪ್ರತಿ ಕಳಿಸಿದ್ದಾರೆ. ನಿಮಗಾಗಿ ನಕಲು ಮಾಡುತ್ತಿದ್ದೇನೆ.

"ಅರ್ಜಿದಾರರಾದ ಶ್ರೀಮತಿ ಉಮ್ಸುನಾಯ್ ಇವರು ಮಾರ್ಚ್ 28ರಂದು ನಿಧನರಾಗಿರುವುದರಿಂದಲೂ, ಮೃತರಿಗೆ ಯಾರಿಂದ ಏನೇ ಬರಬೇಕಿದ್ದರೂ ಅದನ್ನು ಮನ್ನಾ ಮಾಡಲಾಗಿದೆ ಎಂದು ಸಮೀಪಬಂಧು ಶ್ರೀ ಶರ್ಶೆನ್ ಇವರು ಅಂತ್ಯಕ್ರಿಯೆಯ ಸಂದರ್ಭದಲ್ಲಿ ಸಾರ್ವಜನಿಕವಾಗಿ ಘೋಷಿಸಿರುವುದು ಸಾಕ್ಷಿಗಳಿಂದ ದೃಢಪಟ್ಟಿರುವುದರಿಂದಲೂ, ಕುಟುಂಬದ ಕಡೆಯಿಂದ ಯಾವ ಬೇಡಿಕೆಯೂ ಉಳಿದಿಲ್ಲವೆಂದು ಪರಿಗಣಿಸಿ ಪ್ರಕರಣವನ್ನು ಮುಕ್ತಾಯಗೊಳಿಸಲಾಗಿದೆ."

ನಿಂತುಕೊಂಡು ಓದಿದೆ. ಕೂತು ಮತ್ತೆ ಓದಿದೆ.

ಒಂದು ಬಾಟಲಿ ನೀರಿನ ವಿಷಯ ಹೇಳಲಾರದ ಸರ್ಕಾರ ನನ್ನ ಅವ್ವನ ಸಾವನ್ನು ತಾರೀಖು ಸಮೇತ ಹೇಳಿತು. ನನ್ನ ಮನೆಯವರು ಹೇಳಲಿಲ್ಲ. ಹಳೆಯ ಪದ್ಧತಿ, ನನಗೂ ಗೊತ್ತು: ದೂರವಿರುವವರಿಗೆ ಸಾವಿನ ಸುದ್ದಿಯನ್ನು ಒಮ್ಮೆಲೇ ಹೇಳಬಾರದು, ಹತ್ತಿರದವರು ಸುತ್ತ ಕೂತು, ಪದ ಕಟ್ಟಿ, ಹದ್ದಿನ ಕಥೆ ಹೇಳಿ, ಒಣಗಿದ ಮರದ ಕಥೆ ಹೇಳಿ, ಕೊನೆಗೆ ಹೇಳಬೇಕು. ಸರಿ, ನನ್ನ ಸುತ್ತ ಯಾರು ಕೂರುವವರಿದ್ದರು ಮಾವ? ಯಾವ ದಿನಕ್ಕೆ ಕಾದಿದ್ದಿರಿ? ವಕೀಲರ ಬಾಯನ್ನೂ ಮುಚ್ಚಿಸಿದಿರಿ. ನನ್ನ ಮನಸ್ಸಿಗೆ ನೋವಾಗಬಾರದೆಂದು ನೀವು ಮುಚ್ಚಿಟ್ಟಿರಿ. ಜನ ಗಾಬರಿಯಾಗಬಾರದೆಂದು ಮಿರ್ಲಾನ್ ಮುಚ್ಚಿಟ್ಟ. ಇಬ್ಬರೂ ಎಷ್ಟು ಒಳ್ಳೆಯವರು!

ನಾನೂ ನಿಮಗೊಂದು ಹೇಳಿರಲಿಲ್ಲ. ಏಪ್ರಿಲ್ ಮೊದಲ ವಾರ ಇಲ್ಲಿ ಒಬ್ಬ ಮನುಷ್ಯ ಚಹಾ ತರಿಸಿಕೊಟ್ಟು, ಬಹಳ ಮೃದುವಾಗಿ ಮಾತಾಡಿದ. ವರದಿಗೆ ಆಧಾರವಿರಲಿಲ್ಲ ಎಂದು ಒಂದು ಸಾಲು ಬರೆದರೆ ಮರುದಿನವೇ ಮನೆಗೆ ಹೋಗಬಹುದು. "ತಾಯಿ ಕಾಯ್ತಿರ್ತಾರಲ್ಲ?" ಅಂದ. ಅವನಿಗೆ ಗೊತ್ತಿತ್ತು. ಗೊತ್ತಿದ್ದೇ ಕೇಳಿದ. ಅವ್ವನ ಮುಖ ನೆನಪಿಗೆ ಬಂತು, ಅವಳಿಗೆ ನಾಚಿಕೆಯಾಗುವಂಥದ್ದು ಮಾಡಲಾರೆ ಎಂದು ಪೆನ್ನು ಅವನ ಕಡೆ ತಳ್ಳಿದೆ. ಆಗ ಅವಳು ಮಣ್ಣಿನೊಳಗಿದ್ದಳು. ಆಮೇಲೆ ಅವಳಿಗೇ ನಾನು ಕುದುರೆ ಮಾಂಸದ ಮಾತು ಬರೆದೆ. ನಿಮಗೆ ನಿಜ ಹೇಳುವ ಧೈರ್ಯವಿದ್ದಿದ್ದರೆ ಆ ಸಾಲು ನನ್ನ ಕೈಯಿಂದ ಬರುತ್ತಿರಲಿಲ್ಲ.

ಇನ್ನು ಆ ಘೋಷಣೆ. ಅವ್ವ ಕೇಳಿದ್ದು ಕೈಸಾಲವಲ್ಲ. ಅದನ್ನು ಮನ್ನಾ ಮಾಡಲು ನೀವು ಯಾರು?

ಬುರುಲ್

*

ಕುಮುಶ್-ಬೆಲ್
ಮೇ 6

ಬುರುಲ್,

ನೀನು ಕೇಳಿದ್ದು ಸರಿ. ನಾನು ಯಾರು? ಆ ಪ್ರಶ್ನೆಯನ್ನು ಎದೆಯ ಮೇಲೆ ಹೊತ್ತು ಇವತ್ತು ನಿನ್ನ ಅವ್ವನ ನಲವತ್ತನೆಯ ದಿನದ ಊಟ ಹಾಕಿದೆ. ಜನ ಹೋದರು. ಪಾತ್ರೆಗಳನ್ನು ತೊಳೆಯುತ್ತಿದ್ದಾರೆ. ನಾನು ಕೂತು ಬರೆಯುತ್ತಿದ್ದೇನೆ, ಈ ಸಲ ಏನನ್ನೂ ಬಿಡುವುದಿಲ್ಲ.

ಅವಳಿಗೆ ಮೂತ್ರಪಿಂಡ ಕೆಟ್ಟಿತ್ತು. ಸೊಂಟ ನೋವು ಎಂದು ನಾವು ಕರೆಯುತ್ತಿದ್ದದ್ದು ಅದನ್ನೇ. ವೈದ್ಯರು ವಯಸ್ಸು ಎಂದು ಬರೆದರು. ಅರವತ್ತೊಂದು ಒಂದು ವಯಸ್ಸೇ? ನೀರಿನಿಂದಲೇ ಸತ್ತಳೆಂದು ನಾನು ಹೇಳಲಾರೆ. ಅಲ್ಲವೆಂದೂ ಹೇಳಲಾರೆ. ಯಾವುದಾದರೂ ಒಂದನ್ನು ಹೇಳಲು ಬೇಕಾದದ್ದು ಮಿರ್ಲಾನ್‌ನ ಬೀರುವಿನಲ್ಲಿದೆ. ಕೊನೆಯ ದಿನ ನನ್ನನ್ನು ಕರೆದು, "ಲೇ ಶರ್ಶೆನ್, ವಿಚಾರಣೆ ದಿನ ನನ್ನನ್ನ ಎತ್ಕೊಂಡಾದ್ರೂ ಕರ್ಕೊಂಡು ಹೋಗು" ಅಂದಳು. ನಿನ್ನ ಮಾರ್ಚ್ ಕಾಗದ ಬಂದದ್ದು ಅವಳನ್ನು ಮಣ್ಣು ಮಾಡಿದ ದಿನ. ಅಂಗಳದಲ್ಲಿ ಸಾವಿನ ಗುಡಾರ ನಿಂತಿತ್ತು, ಒಳಗೆ ಹೆಂಗಸರು ಹಾಡಿ ಅಳುತ್ತಿದ್ದರು. ನೀನು ಕೇಳಿದ ಕುದುರೆಯನ್ನು ಕಡಿದದ್ದು ಅವಳ ಸಾವಿನ ಊಟಕ್ಕೆ. ಅವಳ ಕೈಯಿಂದ ಒಂದು ಸಾಲು ಬರೆಸು ಎಂದು ನೀನು ಬರೆದಿದ್ದೆ.

ಮಗನಿಲ್ಲದ ಮನೆ, ನಿನ್ನ ಅಪ್ಪನ ಕಡೆಯವರೆಲ್ಲ ರಷ್ಯಾದಲ್ಲಿ. ಶವದ ಮುಂದೆ ನಾನೇ ನಿಂತೆ. ನಿಂತವನು ಹೇಳಬೇಕಾದ ಮಾತು ಹೇಳಿದೆ: ಇವಳು ಯಾರಿಗಾದರೂ ಏನಾದರೂ ಕೊಡಬೇಕಿದ್ದರೆ ಬಂದು ನನ್ನನ್ನು ಕೇಳಿ, ನಾನು ಕೊಡುತ್ತೇನೆ. ಇವಳಿಗೆ ಯಾರಾದರೂ ಕೊಡಬೇಕಿದ್ದರೆ ಮನ್ನಾ, ನಾವು ಕೇಳುವುದಿಲ್ಲ. ಅಜ್ಜನ ಶವದ ಮುಂದೆ ನಮ್ಮ ಅಪ್ಪ ಹೇಳಿದ ಮಾತು, ಮುತ್ತಜ್ಜನ ಮುಂದೆ ಅಜ್ಜ ಹೇಳಿದ ಮಾತು. ಉಳಿದವರು ಗೊಣಗಿ ಮುಗಿಸುತ್ತಾರೆ. ನಾನು ನಟ ಅಲ್ಲವೇ, ಗುಡ್ಡದ ಆಚೆಗೂ ಕೇಳುವ ಹಾಗೆ ಹೇಳಿದೆ. ಮಿರ್ಲಾನ್ ಮೂರನೆಯ ಸಾಲಿನಲ್ಲಿ ತಲೆ ತಗ್ಗಿಸಿ ನಿಂತಿದ್ದ. ಅಳುತ್ತಿದ್ದಾನೆ ಅಂದುಕೊಂಡಿದ್ದೆ. ಪಾಪಿ, ಲೆಕ್ಕ ಹಾಕುತ್ತಿದ್ದ! ಸತ್ತವಳ ಎದುರಿನ ಮಾತನ್ನು ಕೈಯಲ್ಲಿ ಹಿಡಿದುಕೊಂಡು ನೇರ ನ್ಯಾಯಾಲಯಕ್ಕೆ ನಡೆದ.

ನಿನಗೆ ಹೇಳದೆ ಇದ್ದದ್ದಕ್ಕೆ ಪದ್ಧತಿಯನ್ನು ಮುಂದಿಟ್ಟು ತಪ್ಪಿಸಿಕೊಳ್ಳುವುದಿಲ್ಲ. ಪದ ಕಟ್ಟಲು ಕೂತೆ. ಹದ್ದು ಹಾರಿಹೋಯಿತು ಎಂದು ಬರೆದು ಹರಿದೆ. ಆಮೇಲೆ ನೂರುಜ್ ಎಂದು ಬರೆದೆ. ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ, ಮಿರ್ಲಾನ್‌ಗೂ ಮೊದಲ ದಿನ ಹೀಗೇ ಬಂದಿರಬೇಕು.

ಇವತ್ತು ಅವನು ಮತ್ತೆ ಬಂದ. ನಲವತ್ತನೆಯ ದಿನದ ಊಟಕ್ಕೆ ಯಾರನ್ನೂ ಬಾಗಿಲಿಂದ ಕಳಿಸುವ ಹಾಗಿಲ್ಲ. ಬಂದವನು ಮೇಲ್ಗಡೆ ಹಿರಿಯರ ಪಕ್ಕ ಕೂತ. ಅವನ ದರ್ಜೆಗೆ ಸಲ್ಲುವ ಸೊಂಟದ ಮೂಳೆಯ ಮಾಂಸವನ್ನು ನಾನೇ ತಟ್ಟೆಯಲ್ಲಿ ತಂದೆ. ಕೊಡಲಿಲ್ಲ. ಕೈಯಲ್ಲಿ ಹಿಡಿದೇ ನಿಂತೆ.

"ಮಿರ್ಲಾನ್, ನನ್ನ ಅಕ್ಕನಿಗೆ ನೀನೇನು ಕೊಡಬೇಕಿತ್ತು?"

"ನಾನಾ? ಏನೂ ಇಲ್ವಲ್ಲ ಶರ್ಶೆನಣ್ಣ."

"ಏನೂ ಇಲ್ದೇ ಇದ್ರೆ ಮನ್ನಾ ಆಯ್ತು ಅಂತ ಹೋಗಿ ಬರೆಸಿದ್ಯಲ್ಲ, ಏನನ್ನ ಮನ್ನಾ ಮಾಡಿಸ್ಕೊಂಡೆ?"

ಚಹಾ ಸುರಿಯುತ್ತಿದ್ದವರು ನಿಲ್ಲಿಸಿದರು. ಮೂಲೆಯಲ್ಲಿ ಯಾರೋ ಕಿಸಕ್ಕೆಂದರು.

"ಅಣ್ಣ, ಸಾವಿನ ಮನೆ ಇದು. ಇಲ್ಲಿ ಕಚೇರಿ ಮಾತು ಬೇಡ."

"ಹೌದೇನೋ? ಸಾವಿನ ಮನೆ ಮಾತನ್ನ ಕಚೇರಿಗೆ ಹೊತ್ಕೊಂಡು ಹೋಗುವಾಗ ಬೇಡ ಅನಿಸಲಿಲ್ವಾ ನಿನಗೆ?"

ಅವನು ಎದ್ದ. ಕೆಂಪಾಗಿದ್ದ. "ಊರಿಗೆ ಊರೇ ಕೇಳಿದೆ ನೀವು ಹೇಳಿದ್ದು. ಈಗ ಮಾತು ತಿರುಗಿಸ್ತೀರಾ? ಗಂಡಸಾಗಿ? ಸತ್ತವಳ ಮುಂದೆ ಆಡಿದ ಮಾತನ್ನ?"

ಬುರುಲ್, ಎಷ್ಟೋ ಅರಸರ ಮಾತು ಬಾಯಿಪಾಠವಿದ್ದ ನಾನು ಹಿರಿಯರ ಮುಖ ನೋಡಿದೆ. ಹಿರಿಯರೂ ತಲೆಯಾಡಿಸಿದರು: ಆಡಿದ ಮಾತು ಆಡಿದ್ದೇ. ಗೆದ್ದೆ ಎಂದು ಅವನು ಟೋಪಿ ಹಾಕಿಕೊಳ್ಳುತ್ತಿದ್ದ.

ಆಗ ಹೆಂಗಸರ ಕಡೆಯಿಂದ ಬೇಗಿಮಾಯ್ ಎದ್ದಳು. ಶಿಶುವಿಹಾರದಲ್ಲಿ ಇಬ್ಬರು ಮಕ್ಕಳನ್ನು ಬಿಡುವವಳು, ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ.

"ಶರ್ಶೆನ್ ಮಾವ, ನಿಮ್ಮ ಮಾತು ತಿರುಗಿಸಬೇಡಿ, ಪೂರ್ತಿ ನಡೆಸಿ. ಉಮ್ಸುನಾಯ್ ಅಕ್ಕ ಯಾರಿಗಾದ್ರೂ ಕೊಡಬೇಕಿದ್ರೆ ನನ್ನನ್ನ ಕೇಳಿ ಅಂದ್ರೋ ಇಲ್ವೋ?"

"ಅಂದೆ."

"ನನಗೆ ಕೊಡಬೇಕಿತ್ತು. ಆ ನೀರಲ್ಲಿ ಏನಿದೆ ಅಂತ ಉತ್ತರ ತಂದ್ಕೊಡ್ತೀನಿ, ಅಲ್ಲೀತನಕ ಮಕ್ಕಳಿಗೆ ಆಚೆ ಗುಡ್ಡದ ಬುಗ್ಗೆಯಿಂದ ನೀರು ಹೊತ್ತು ಅಡುಗೆ ಮಾಡ್ತೀನಿ ಅಂತ ಬುರುಲ್‌ನ ಹಿಡಿದ್ಮೇಲೆ ನನಗೆ ಮಾತು ಕೊಟ್ಟಿದ್ರು. ಹೊತ್ತೂ ಹೊತ್ತೂ ಹೋದ್ರು. ಈಗ ನಿಮ್ಮನ್ನ ಕೇಳ್ತಿದ್ದೀನಿ. ಕೊಡಿ."

"ನನಗೂ" ಎಂದಳು ಅವಳ ಪಕ್ಕದವಳು.

"ನಂಗೂ ಕೊಡಬೇಕು. ಸತ್ಯವಾಗ್ಲೂ."

"ನಮ್ಮನೆಗೂ."

ಬಾಕಿ ಕೇಳುವವರು ಎದ್ದು ನಿಲ್ಲುತ್ತಲೇ ಹೋದರು! ನನ್ನ ಅಕ್ಕ ಒಂದು ಬೀದಿಯಷ್ಟು ಜನಕ್ಕೆ ಬಾಕಿ ಇಟ್ಟು ಹೋಗಿದ್ದಾಳೆ, ನಾನು ಜಾಮೀನು ನಿಂತದ್ದು ನನಗೇ ಗೊತ್ತಿರಲಿಲ್ಲ. ಮಿರ್ಲಾನ್ ಹಿರಿಯರ ಮುಖ ನೋಡಿದ. ಹಿರಿಯರಲ್ಲಿ ಹಿರಿಯನಾದವನು ಗಡ್ಡ ನೀವಿಕೊಂಡು, "ಆಡಿದ ಮಾತು ಆಡಿದ್ದೇ ಕಣಪ್ಪಾ. ಎರಡು ಅರ್ಧವೂ" ಅಂದ. ಮಿರ್ಲಾನ್ ಊಟ ಮಾಡದೆ ಹೋದ. ಆ ಮಾಂಸವನ್ನು ಬೇಗಿಮಾಯ್‌ಳ ಮುಂದೆ ಇಟ್ಟೆ. ಹೆಂಗಸಿಗೆ ಆ ಮೂಳೆ ಸಲ್ಲುವುದಿಲ್ಲ ಎಂದು ಒಬ್ಬನೂ ತುಟಿಪಿಟಕ್ಕೆನ್ನಲಿಲ್ಲ.

ನಿನ್ನ ವಕೀಲರಿಗೆ ಫೋನ್ ಮಾಡಿದೆ. ಮುಗಿದ ಮೊಕದ್ದಮೆ ಮುಗಿಯಿತು, ಆದರೆ ಹೊಸ ಹೆಸರಿನಲ್ಲಿ ಹೊಸ ಅರ್ಜಿ ಹಾಕುವುದನ್ನು ತಡೆಯುವ ಕಾನೂನಿಲ್ಲ ಅಂದರು. ಪಿಂಚಣಿ ಹೋಗಬಹುದು, ನಿನ್ನ ಪಕ್ಕದ ಕಟ್ಟಡದಲ್ಲಿ ನನಗೂ ಜಾಗ ಸಿಗಬಹುದು ಎಂದೂ ಹೇಳಿದರು. ಭಯವಿದೆ. ಇಷ್ಟು ದಿನ ನಿನಗೆ ಒಂದೊಂದನ್ನೇ ಮುಚ್ಚಿಟ್ಟವನು, ಇದನ್ನು ಮುಚ್ಚಿಡುವುದಿಲ್ಲ. ಈ ಕಾಗದದ ಮೇಲೆ ಎಷ್ಟು ಕೆಂಪು ಗೆರೆ ಬೇಕಾದರೂ ಎಳೆಯಲಿ.

ನೀನು ನನ್ನನ್ನು ಕ್ಷಮಿಸಬೇಕಿಲ್ಲ. ನನ್ನ ಬಾಕಿ ಮನ್ನಾ ಮಾಡಬೇಡ, ಇಟ್ಟುಕೋ. ಹೊರಗೆ ಬಂದು ವಸೂಲಿ ಮಾಡು.

ನಾಳೆ ಬೆಳಿಗ್ಗೆ ಕಚೇರಿಯ ಬಾಗಿಲು ತೆರೆಯುವ ಹೊತ್ತಿಗೆ ನಾನು ಮೆಟ್ಟಿಲ ಮೇಲಿರುತ್ತೇನೆ. ಬೇಗಿಮಾಯ್ ಬರುತ್ತಾಳೆ, ಅವಳ ಹಿಂದೆ ಯಾರು ಬರುತ್ತಾರೋ ಬರಲಿ. ಮಿರ್ಲಾನ್‌ನ ಮೇಜಿನ ಮೇಲೆ ನನ್ನ ಹೆಸರಿನ ಅರ್ಜಿ ಇಡುತ್ತೇನೆ. ಗುಡ್ಡಕ್ಕೆ ಕೇಳುವ ಹಾಗೆ ಕೂಗುವುದಿಲ್ಲ, ಅವನೊಬ್ಬನಿಗೆ ಕೇಳಿದರೆ ಸಾಕು: ನನ್ನ ಅಕ್ಕ ಈ ಜನಕ್ಕೆ ಒಂದು ಉತ್ತರ ಕೊಡಬೇಕು, ಅದು ನಿನ್ನ ಹತ್ತಿರ ಇದೆ, ತೆಗಿ.

ಶರ್ಶೆನ್